ಸಮಾನತೆಗೆ ಮೀನಿನ ವಾಸನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಸರ ಮಾಡಿಕೊಳ್ಳುವುದು ಬೇಡ. ಕಾಪುವಿನ ಮನೆಯಲ್ಲಿ ಅಮ್ಮ ಕೊಂಕಣಿಯಲ್ಲಿ ಬೈಯುತ್ತಿದ್ದರು, ಇವಳನ್ನು ಕಟ್ಟಿಕೊಳ್ಳುವವನ ಗತಿ ದೇವರೇ ಬಲ್ಲ ಎಂದು. ಕಟ್ಟಿಕೊಂಡವರು ಪುಣ್ಯಾತ್ಮರು, ಕಿವಿ ಸ್ವಲ್ಪ ಮಂದ. ಕಾರ್ಕಳದ ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನನ್ನ ಸಿಟ್ಟೂ ನಿವೃತ್ತಿಯಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ಮಾತು! ಉಡುಪಿಯ ಹೊರಗಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯವರು, ಒಂದೆರಡು ವರ್ಷ ನಮ್ಮಲ್ಲಿ ಪಾಠ ಮಾಡಿ ಎಂದು ಕರೆದರು. ಮನೆಯಲ್ಲಿ ಕೂತು ಟಿ.ವಿ.ಯ ಮೇಲೆ ಸಿಟ್ಟು ತೀರಿಸಿಕೊಳ್ಳುವುದಕ್ಕಿಂತ ಮಕ್ಕಳ ನಡುವೆ ಇರುವುದು ವಾಸಿ ಎಂದು ಒಪ್ಪಿಕೊಂಡೆ.

ಶಾಲೆಯ ಗೇಟಿನ ಮೇಲೆ ಕಮಾನಿನಂಥ ದೊಡ್ಡ ಬೋರ್ಡು. 'ಇಲ್ಲಿ ವಿಶ್ವದ ಪ್ರಜೆಗಳು ಬೆಳೆಯುತ್ತಾರೆ' ಎಂದು ಅದರಲ್ಲಿ ಬಂಗಾರದ ಬಣ್ಣದ ಅಕ್ಷರ. ಪಕ್ಕದಲ್ಲಿ ಒಂದು ಭೂಗೋಳದ ಚಿತ್ರ, ಅದರ ಸುತ್ತ ಕೈ ಕೈ ಹಿಡಿದು ನಿಂತ ಮಕ್ಕಳು. ಮೊದಲ ದಿನ ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಮಧ್ಯಾಹ್ನದ ಬೆಲ್ ಹೊಡೆಯುವವರೆಗೆ ಆ ಖುಷಿ ಇತ್ತು.

ಬೆಲ್ ಹೊಡೆಯಿತು, ಮಕ್ಕಳೆಲ್ಲ ಬುತ್ತಿ ಹಿಡಿದುಕೊಂಡು ಕ್ಲಾಸಿನಿಂದ ಹೊರಗೆ ಬಂದರು. ಬಂದವರು ಕಾರಿಡಾರಿನ ಮೂಲೆಯಲ್ಲಿ ತಾವಾಗಿಯೇ ಎರಡು ಪಾಲಾದರು. ಸ್ವಲ್ಪ ಜನ ಎಡಕ್ಕೆ ತಿರುಗಿ ಊಟದ ಹಾಲ್‌ಗೆ ಹೋದರು. ಉಳಿದವರು, ಅವರೇ ಹೆಚ್ಚು, ಬಲಕ್ಕೆ ತಿರುಗಿ ಕಟ್ಟಡದ ಹಿಂದೆ ಹೋದರು. ಯಾರೂ ಅವರಿಗೆ ಹೋಗಿ ಎಂದು ಹೇಳಲಿಲ್ಲ. ನಾನು ಪಕ್ಕದಲ್ಲಿದ್ದ ಗಣಿತದ ಟೀಚರನ್ನು ಕೇಳಿದೆ, "ಇವರೆಲ್ಲ ಎಲ್ಲಿಗೆ ಹೋಗುವುದು?"

"ಅವರು ಮೀನಿನವರಲ್ವಾ ಟೀಚರ್," ಎಂದರು. "ಹಿಂದಿನ ಜಗಲಿಯಲ್ಲಿ ಊಟ ಮಾಡ್ತಾರೆ. ಒಳಗೆ ಬೇರೆಯವರಿಗೆ ತೊಂದರೆ ಆಗ್ತದೆ."

ಅವರು ಹೇಳಿದ ಧಾಟಿ ಹೇಗಿತ್ತೆಂದರೆ, ಇವರು ಎ ಸೆಕ್ಷನ್ನಿನವರು, ಅವರು ಬಿ ಸೆಕ್ಷನ್ನಿನವರು ಎಂದ ಹಾಗೆ. ನಾನು ಹಿಂದೆ ಹೋಗಿ ನೋಡಿದೆ. ಸೈಕಲ್ ಶೆಡ್ಡಿಗೆ ತಾಗಿದ ಒಂದು ಅಗಲ ಕಿರಿದಾದ ಜಗಲಿ. ಫ್ಯಾನ್ ಇಲ್ಲ, ಬೆಂಚಿಲ್ಲ. ಮಕ್ಕಳು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿಕೊಂಡು ಸಾಲಾಗಿ ಕೂತಿದ್ದರು. ಕಾಗೆಗಳು ಕಾದು ಕೂತಿದ್ದವು. ಜೂನ್ ತಿಂಗಳು ಬೇರೆ, ಗಾಳಿ ಬಂದಾಗಲೆಲ್ಲ ಮಳೆಯ ಎರಚಲು ಅನ್ನದ ಮೇಲೆಯೇ ಬೀಳುತ್ತಿತ್ತು, ಮಕ್ಕಳು ಬುತ್ತಿಯ ಮುಚ್ಚಳವನ್ನು ಅಡ್ಡ ಹಿಡಿದು ಉಣ್ಣುತ್ತಿದ್ದರು. ಅಡ್ಡ ಹಿಡಿಯುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮಾತು ಕೂಡ ನಿಲ್ಲಿಸುತ್ತಿರಲಿಲ್ಲ.

ಮೊಟ್ಟೆಯ ಸಂಗತಿ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಬೇಯಿಸಿದ ಮೊಟ್ಟೆ ತಂದವರು ಹಾಲ್‌ನ ಒಳಗೆ, ಆದರೆ ಬಾಗಿಲ ಪಕ್ಕದ ಮೂಲೆಯಲ್ಲಿ ಕೂರಬಹುದಂತೆ. ಆಮ್ಲೆಟ್ ತಂದವರು ಜಗಲಿಗೆ. ಇದನ್ನು ಯಾರು ತೀರ್ಮಾನ ಮಾಡಿದ್ದು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಬರೆದ ನಿಯಮ ಎಲ್ಲಿಯೂ ಇಲ್ಲ. ಬೇರೆಯವರಿಗೆ ತೊಂದರೆ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಬೇರೆಯವರು ಯಾರು ಮಾರಾಯ್ರೆ, ಒಮ್ಮೆ ತೋರಿಸಿ ಎಂದು ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು.

ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಬದನೆಕಾಯಿಗಾದರೂ ಫ್ಯಾನಿನ ಕೆಳಗೆ ಜಾಗ ಇತ್ತು. ಅದು ನಮ್ಮ ಕಾಪುವಿನ ಪಕ್ಕದ ಮಟ್ಟು ಊರಿನಲ್ಲಿ ಬೆಳೆದ ಗುಳ್ಳ ಬದನೆ, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕಡಲ ಬದಿಯ ಊರಿನಲ್ಲಿ, ಮನೆ ಮನೆಯಲ್ಲಿ ಮೀನು ಸಾರು ಕುದಿಯುವ ಊರಿನಲ್ಲಿ ಮೀನಿಗೆ ಹಿಂಬಾಗಿಲು ಎಂದರೆ ಏನು ಹೇಳುವುದು? ಶಾಲೆಯ ಸಂಚಾಲಕರ ಮನೆಯಲ್ಲಿ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ, ಇದು ಊರಿಗೇ ಗೊತ್ತಿರುವ ಸಂಗತಿ. ಪ್ರಿನ್ಸಿಪಾಲ್ ಮೇಡಂ ರವಿವಾರ ಮಲ್ಪೆಯಿಂದ ಕಾಣೆ ಮೀನು ತರಿಸುತ್ತಾರೆ, ಅದನ್ನು ಅವರೇ ಬಾಯಿ ಚಪ್ಪರಿಸಿ ಹೇಳುತ್ತಾರೆ. ಆದರೆ ಶಾಲೆ ಎಂದರೆ ಡೀಸೆಂಟಾಗಿ ಇರಬೇಕಂತೆ! ತಿನ್ನುವವರೇ ತಮ್ಮ ಅನ್ನಕ್ಕೆ ನಾಚುವುದು ನಮ್ಮ ಊರಿನಲ್ಲಿ ಮಾತ್ರ ನೋಡಲು ಸಿಗುವುದೋ ಏನೋ.

ಕಾರ್ಕಳದ ನನ್ನ ಹಳೆಯ ಶಾಲೆಯಲ್ಲಿ ಎಲ್ಲರಿಗೂ ಬಿಸಿಯೂಟ, ಒಂದೇ ಸಾಲು. ಯಾರೋ ಮನೆಯಿಂದ ಒಣಮೀನಿನ ಚಟ್ನಿ ಪೊಟ್ಟಣ ಕಟ್ಟಿ ತಂದರೆ ಅದು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತಿತ್ತು, ಬೇಡದವನು ಮುಂದೆ ದಾಟಿಸುತ್ತಿದ್ದ. ಅಷ್ಟೇ. ಅಲ್ಲಿ ಗೋಡೆಯ ಬಣ್ಣ ಉದುರುತ್ತಿತ್ತು, ವಿಶ್ವದ ಪ್ರಜೆ ಎಂದು ಬರೆಯಲಿಕ್ಕೆ ಬೋರ್ಡೂ ಇರಲಿಲ್ಲ.

ಮರುದಿನ ನಾನು ಸ್ಟಾಫ್ ರೂಮಿನಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಬುತ್ತಿಯನ್ನು ನಡುವಿನ ಮೇಜಿನ ಮೇಲೆ ಬಿಚ್ಚಿದೆ. ಅಲ್ಲಿಯೂ ಮೀನಿನವರಿಗೆ ಕಿಟಕಿಯ ಹತ್ತಿರ ಬೇರೆ ಮೇಜಿತ್ತು ಎಂದು ಆಮೇಲೆ ಗೊತ್ತಾಯಿತು. ಯಾರೂ ಏನೂ ಹೇಳಲಿಲ್ಲ. ಪಿಂಚಣಿ ಬರುವ ಹೆಂಗಸಿಗೆ ಹೇಳಿ ಪ್ರಯೋಜನವಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಮಕ್ಕಳಿಗೆ ಪಿಂಚಣಿ ಇಲ್ಲವಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ, ಇಲ್ಲೆಲ್ಲ ಯಾರನ್ನೂ ಜಾತಿ, ಧರ್ಮ, ಹುಟ್ಟಿನ ನೆಪದಲ್ಲಿ ತಡೆಯುವ ಹಾಗಿಲ್ಲ ಎಂದು ಹೇಳುತ್ತಿದ್ದಾಗ ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಹೂಡೆಯ ಕಡೆಯ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ, ಕೆಮ್ಮಣ್ಣು ಊರಿನ ಮೇಲಿಂದ ಬರುವ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಅಪ್ಪ ಸೌದಿಯಲ್ಲಿ, ಮನೆಯಲ್ಲಿ ತಾಯಿ ಮತ್ತು ಅಜ್ಜಿ.

"ಟೀಚರ್, ಅದರಲ್ಲಿ ಜಗಲಿ ಉಂಟಾ?" ಎಂದು ಕೇಳಿದಳು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಪೆರ್ಡೂರಿನ ಹುಡುಗಿ ಮಾತ್ರ ಬೆಂಚಿನ ಕೆಳಗಿನಿಂದ ಅವಳ ಲಂಗ ಎಳೆದು ಕೂರಿಸಲು ನೋಡುತ್ತಿದ್ದಳು. ಇಬ್ಬರೂ ಪ್ರಾಣ ಸ್ನೇಹಿತೆಯರು. ಪೆರ್ಡೂರಿನವಳ ಅಪ್ಪ ಮದುವೆ ಮುಂಜಿಗಳಲ್ಲಿ ಅಡುಗೆ ಮಾಡುವವರು, ಮನೆಯಲ್ಲಿ ಶುದ್ಧ ಸಸ್ಯಾಹಾರ. ಹಾಗಾಗಿ ಅವಳ ಜಾಗ ಹಾಲ್‌ನ ಒಳಗೆ. ದಿನಾ ಗಬಗಬನೆ ಮೊಸರನ್ನ ನುಂಗಿ, ಕೈ ತೊಳೆದು, ಜಗಲಿಗೆ ಓಡಿ ಹೋಗಿ ಈ ಹುಡುಗಿಯ ಪಕ್ಕ ಕೂರುತ್ತಿದ್ದಳು. ಮೀನಿನ ವಾಸನೆ ಅವಳಿಗೆ ತೊಂದರೆ ಮಾಡಿದ್ದನ್ನು ನಾನು ಕಾಣೆ.

"ಜಗಲಿ ಪುಸ್ತಕದಲ್ಲಿ ಇಲ್ಲ, ಆದರೆ ಇರಬೇಕಿತ್ತು," ಎಂದೆ ನಾನು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಮಣಿಪಾಲದಲ್ಲಿ ಶಾಲೆಗಳ ನಡುವೆ ಕನ್ನಡ ಭಾಷಣ ಸ್ಪರ್ಧೆ ಇತ್ತು. ವಿಷಯ, ಸಮಾನತೆಯೂ ನಮ್ಮ ಶಿಕ್ಷಣವೂ. ಪ್ರಿನ್ಸಿಪಾಲ್ ಮೇಡಂಗೆ ಕಪ್ ಬೇಕಿತ್ತು. ನಾನು ಹೂಡೆಯ ಹುಡುಗಿಯನ್ನು ಆರಿಸಿದೆ. ಅವಳ ಕನ್ನಡ ಅಚ್ಚುಕಟ್ಟು. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳು ಕನ್ನಡವನ್ನು ಹಬ್ಬದ ಬಟ್ಟೆಯ ಹಾಗೆ ಜೋಪಾನವಾಗಿ ಬಳಸುತ್ತಾರೆ.

ಅವಳು ಬರೆದು ತಂದದ್ದರಲ್ಲಿ ಮೊದಲ ಅರ್ಧ ಎಲ್ಲ ಮಕ್ಕಳೂ ಬರೆಯುವಂಥದ್ದು. ಅರ್ಧದ ಮೇಲೆ ಜಗಲಿ ಬಂದಿತ್ತು. "ಟೀಚರ್, ಇದನ್ನು ಹೇಳಬಹುದಾ?" ಎಂದು ಕೇಳಿದಳು.

"ನಿಜವಾ ಸುಳ್ಳಾ?"

"ನಿಜ."

"ಮತ್ತೆ ಎಂತ ಕೇಳುವುದು ನನ್ನ ಹತ್ತಿರ?"

ಮೇಡಂಗೂ ಭಾಷಣ ಓದಿ ನೋಡಿ ಎಂದು ಕೊಟ್ಟೆ. "ಕಪ್ ಬಂದರೆ ಸಾಕು ಟೀಚರ್, ಕನ್ನಡ ನೀವೇ ನೋಡಿಕೊಳ್ಳಿ," ಎಂದು ಬಿಚ್ಚದೆ ವಾಪಸ್ ಕೊಟ್ಟರು.

ಮಣಿಪಾಲದ ಆ ಸಭಾಂಗಣದಲ್ಲಿ ಏಸಿಯ ಚಳಿ. ಒಂದರ ಹಿಂದೆ ಒಂದು ಮಗು ಬಂದು ಸಮಾನತೆಯನ್ನು ಹೊಗಳಿ ಹೋಯಿತು, ತೀರ್ಪುಗಾರರು ಆಕಳಿಕೆ ಬಂದಾಗ ಕೈ ಅಡ್ಡ ಇಟ್ಟುಕೊಂಡರು. ನಮ್ಮ ಹುಡುಗಿ ಬಂದಳು. ಅರ್ಧದವರೆಗೆ ಅವಳೂ ಅದನ್ನೇ ಹೇಳಿದಳು. ಆಮೇಲೆ, "ನಮ್ಮ ಶಾಲೆಯಲ್ಲಿ ಸಮಾನತೆಯ ಪಾಠ ಹನ್ನೆರಡು ಗಂಟೆಗೆ. ಊಟ ಒಂದು ಗಂಟೆಗೆ. ನಡುವಿನ ಒಂದು ಗಂಟೆಯಲ್ಲಿ ಅದಕ್ಕೆ ಎಂತ ಆಗ್ತದೆ ಎಂದು ನನಗೆ ಗೊತ್ತಿಲ್ಲ," ಎಂದಳು. ಜನ ಗೊಳ್ಳೆಂದು ನಕ್ಕರು. ಜಗಲಿ, ಎರಚಲು, ಬೇಯಿಸಿದ ಮೊಟ್ಟೆ, ಆಮ್ಲೆಟ್, ಎಲ್ಲ ಹೇಳಿದಳು. ನಗು ಕಡಿಮೆಯಾಗುತ್ತ ಹೋಯಿತು. "ನಾನು ತಿನ್ನುವುದನ್ನು ಎಲ್ಲರೂ ತಿನ್ನಬೇಕು ಎಂದು ನಾನು ಹೇಳುವುದಿಲ್ಲ. ನಾನು ತಿನ್ನುವಾಗ ನೀವು ಎದ್ದು ಹೋಗಬೇಡಿ, ನನ್ನನ್ನೂ ಎಬ್ಬಿಸಬೇಡಿ," ಎಂದು ಮುಗಿಸಿದಳು.

ಮೊದಲ ಬಹುಮಾನ ಬಂತು. ಮುಂದಿನ ಸುತ್ತು ಕಾರ್ಕಳದಲ್ಲಿ ಎಂದರು. ಮೇಡಂ ಕಪ್ ಹಿಡಿದು ಫೋಟೋಗೆ ನಕ್ಕರು, ಹಲ್ಲು ಮಾತ್ರ ನಕ್ಕಿತು. ಹಿಂದಿರುಗುವಾಗ ಇಂದ್ರಾಳಿ ಸೇತುವೆಯ ಹತ್ತಿರ ವ್ಯಾನು ಬ್ಲಾಕಿನಲ್ಲಿ ನಿಂತಾಗ ನನ್ನ ಕಡೆ ತಿರುಗಿ, "ಮಗುವಿನ ಬಾಯಲ್ಲಿ ಇದನ್ನೆಲ್ಲ ಹಾಕಿದ್ದು ಯಾರು ಟೀಚರ್?" ಎಂದು ಕೇಳಿದರು.

"ಬಾಯಲ್ಲಿ ಹಾಕಿದ್ದು ಅವಳ ಅಜ್ಜಿ ಮೇಡಂ, ಬೂತಾಯಿ ಮೀನಿನ ಫ್ರೈ," ಎಂದೆ. ಗೆಳತಿಯ ಜೊತೆಗೆಂದು ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ ಪೆರ್ಡೂರಿನವಳಿಗೆ ನಗು ತಡೆಯಲಾಗಲಿಲ್ಲ.

ಎರಡು ದಿನದ ನಂತರ ಸಂಚಾಲಕರು ನಮ್ಮನ್ನೆಲ್ಲ ಸೇರಿಸಿದರು. ಬೈಯುತ್ತಾರೆ ಎಂದುಕೊಂಡು ನಾನು ಉತ್ತರವನ್ನೆಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಬೈಯಲಿಲ್ಲ, ನಗುತ್ತಾ ಕೂತರು. "ಆ ಹುಡುಗಿ ಹೇಳಿದ್ದರಲ್ಲಿ ತಪ್ಪೆಂತ ಉಂಟು? ಒಬ್ಬರು ಒಳಗೆ, ಒಬ್ಬರು ಹೊರಗೆ, ಅದು ಸರಿಯಲ್ಲ," ಎಂದರು. ನನಗೆ ಆಶ್ಚರ್ಯವಾಯಿತು. "ಹಾಗಾಗಿ ಸೋಮವಾರದಿಂದ ಎಲ್ಲರೂ ಹಾಲ್‌ನಲ್ಲಿಯೇ ಊಟ ಮಾಡುವುದು. ಮೀನು, ಮೊಟ್ಟೆ, ಕೋಳಿ ಯಾರೂ ತರುವ ಹಾಗಿಲ್ಲ. ಎಲ್ಲರಿಗೂ ಒಂದೇ ನಿಯಮ. ಸಮಾನತೆ ಆಯ್ತಲ್ವಾ ಈಗ?"

ನೆಗಡಿ ಬಂತೆಂದು ಮೂಗು ಕೊಯ್ದರಂತೆ! ನಾನು ಎದ್ದು ನಿಂತು ಹೇಳಿದೆ, "ಸರ್, ಜಗಲಿಯಲ್ಲಿ ಕೂತವರನ್ನು ಒಳಗೆ ಕರೆಯಿರಿ ಎಂದರೆ ನೀವು ಅವರ ಬುತ್ತಿಯನ್ನೇ ಕಿತ್ತುಕೊಂಡಿರಿ. ಇದು ಸಮಾನತೆ ಅಲ್ಲ, ಇದು ಸೇಡು."

"ಸೇಡು ಎಂತಕ್ಕೆ ಟೀಚರ್? ನಾನೂ ಮೀನು ತಿನ್ನುವವನೇ. ಮನೆಯಲ್ಲಿ ತಿನ್ಲಿ, ಯಾರು ಬೇಡ ಹೇಳಿದ್ದು?"

ಸೋಮವಾರ ಅಸೆಂಬ್ಲಿಯಲ್ಲಿ ಆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೇಡಂ ಕಪ್ಪನ್ನು ಮೇಜಿನ ಮೇಲಿಟ್ಟು, ಹುಡುಗಿಯನ್ನು ಮುಂದೆ ಕರೆದು, ಹೆಗಲ ಮೇಲೆ ಕೈ ಹಾಕಿ, ಮೈಕಿನಲ್ಲಿ ಹೊಸ ನಿಯಮ ಓದಿದರು. "ಈ ಬದಲಾವಣೆಗೆ ಕಾರಣ ನಮ್ಮ ಈ ವಿದ್ಯಾರ್ಥಿನಿ. ಇವಳಿಗೆ ಒಂದು ಚಪ್ಪಾಳೆ." ಚಪ್ಪಾಳೆ ಬರಲಿಲ್ಲ. ಜಗಲಿಯ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. ಬೈದಿದ್ದರೆ, ಹೊಡೆದಿದ್ದರೆ ಕೂಡ ಆ ಮಗುವಿಗೆ ಅಷ್ಟು ನೋವಾಗುತ್ತಿರಲಿಲ್ಲ. ಹೊಗಳಿ ಕೊಂದರು.

ಆ ದಿನವೇ ಕಾರಿಡಾರಿನಲ್ಲಿ ಒಬ್ಬಳು ಅವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ನಿನಗೆ ಕಪ್ ಸಿಕ್ಕಿತು ಮಾರಾಯ್ತಿ, ನಮಗೆ ಉಪ್ಪಿನಕಾಯಿ ಸಿಕ್ಕಿತು." ಆ ಮಕ್ಕಳು ಕೆಟ್ಟವರಲ್ಲ. ಅವರ ಸಿಟ್ಟು ಹೋಗಬೇಕಾದಲ್ಲಿಗೆ ಹೋಗಲು ದಾರಿ ಇರಲಿಲ್ಲ, ಹತ್ತಿರ ಇದ್ದವಳ ಮೇಲೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಿಯಮ ಬಂದ ವಾರದಲ್ಲೇ ಜಗಲಿಯ ಮಕ್ಕಳು ತಮ್ಮದೇ ದಾರಿ ಕಂಡುಕೊಂಡರು. ಗೇಟಿನ ಹೊರಗೆ ರಸ್ತೆಯ ಅಡಿಯಿಂದ ನೀರು ಹೋಗುವ ಒಂದು ಮೋರಿ ಇದೆ, ಅದರ ಎರಡೂ ಬದಿ ಸಿಮೆಂಟಿನ ಕಟ್ಟೆ. ಬೆಲ್ ಹೊಡೆದ ಕೂಡಲೇ ಮೀನಿನ ಬುತ್ತಿ ಹಿಡಿದು ಗೇಟು ದಾಟಿ ಮೋರಿಕಟ್ಟೆಯ ಮೇಲೆ ಕೂತು ಉಣ್ಣತೊಡಗಿದರು. ಮಕ್ಕಳು ಗೇಟಿನ ಹೊರಗೆ ಹೋದರೆ ವಾಚ್‌ಮ್ಯಾನ್ ನೋಡದ ಹಾಗೆ ಮುಖ ತಿರುಗಿಸುತ್ತಿದ್ದ, ಅವನ ಬುತ್ತಿಯಲ್ಲಿಯೂ ಮೀನೇ ಇದ್ದದ್ದು. ಮೊದಲು ಜಗಲಿಯಲ್ಲಿದ್ದವರು ಈಗ ರಸ್ತೆಗೆ ಬಂದರು, ಎದುರಿಗೆ ವಿಶ್ವದ ಪ್ರಜೆಗಳ ಬೋರ್ಡು, ಬೆನ್ನ ಹಿಂದೆ ಹಾರನ್ ಹಾಕಿಕೊಂಡು ಹೋಗುವ ಬಸ್ಸು. ಸಂಚಾಲಕರ ಸಮಾನತೆ ಇಷ್ಟು ದೂರ ತಂದು ಮುಟ್ಟಿಸಿತ್ತು.

ಮೋರಿಕಟ್ಟೆಯಲ್ಲಿ ಹೂಡೆಯ ಹುಡುಗಿಗೆ ಮಾತ್ರ ಜಾಗ ಇರಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ. ಅವಳು ಒಳಗೆ ಇರುತ್ತಾಳೆ ಎಂದು ನಾನು ತಿಳಿದೆ. ಹಾಲ್‌ನಲ್ಲಿ ನೋಡಿದರೆ ಅಲ್ಲಿಯೂ ಇಲ್ಲ. ಪೆರ್ಡೂರಿನವಳು ಒಬ್ಬಳೇ ಕೂತಿದ್ದಳು. "ಲೈಬ್ರರಿಯಲ್ಲಿ ಓದ್ತಾಳಂತೆ ಟೀಚರ್, ನನ್ನನ್ನೂ ಬರಬೇಡ ಹೇಳಿದ್ದಾಳೆ," ಎಂದಳು, ಅವಳ ಕಣ್ಣು ತುಂಬಿತ್ತು.

ಒಂದು ರವಿವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನೇರ ಹೂಡೆಗೆ ಹೋದೆ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ತೆಂಗಿನ ತೋಟದಲ್ಲಿ ಅವರ ಮನೆ. ತಾಯಿ ಚಹಾ ಇಡಲು ಒಳಗೆ ಹೋದರು. ಅಜ್ಜಿ ನನ್ನನ್ನು ಕೂರಿಸಿ, ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, ತಡೆ ತಡೆದು ಕನ್ನಡದಲ್ಲಿಯೇ ಶುರು ಮಾಡಿದರು.

"ಮೀನು ಬೇಡ ಹೇಳಿದಿರಿ, ಕಟ್ಟುವುದು ನಿಲ್ಲಿಸಿದೆ. ಚಟ್ನಿ ಅನ್ನ ಕಟ್ಟಿದೆ, ಅದೂ ತಿರುಗಿ ಬರ್ತದೆ. ಬೆಳಿಗ್ಗೆ ಗಂಜಿ ಕುಡಿದು ಹೋದ ಮಗು ಸಾಯಂಕಾಲದವರೆಗೆ ಉಪವಾಸ. ನಾವು ಉಪವಾಸ ಹಿಡಿಯುವುದು ದೇವರಿಗೆ ಟೀಚರ್. ಇದು ಯಾರಿಗೆ?"

ನಾನು ತಲೆ ತಗ್ಗಿಸಿ ಕೂತೆ.

"ನಮ್ಮ ಮೀನು ಎಂತ ಪಾಪ ಮಾಡಿದೆ?" ಎಂದರು ಅಜ್ಜಿ. "ಈ ಹೊಳೆಯಲ್ಲಿ ಹಿಡಿದದ್ದು, ಈ ಕೈಯಲ್ಲಿ ತೊಳೆದದ್ದು."

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ, "ನನ್ನಿಂದಾಗಿ ಎಲ್ಲರೂ ರಸ್ತೆಗೆ ಬಿದ್ದರು ಟೀಚರ್. ಅವರು ತಿನ್ನುವಾಗ ನಾನು ಹೇಗೆ ಮುಖ ತೋರಿಸುವುದು?" ಎಂದಳು. ಆಮೇಲೆ ಕೇಳಿದಳು, "ನಾನು ಕಾರ್ಕಳಕ್ಕೆ ಹೋಗದಿದ್ದರೆ ಮೇಡಂ ನಿಯಮ ತೆಗೀತಾರಾ?"

"ಇಲ್ಲ."

"ಹೋದರೆ?"

"ಅದೂ ಗೊತ್ತಿಲ್ಲ. ಸುಳ್ಳು ಭರವಸೆ ನನ್ನ ಬಾಯಲ್ಲಿ ಬರುವುದಿಲ್ಲ."

"ಹಾಗಾದ್ರೆ ಹೋಗ್ತೇನೆ," ಎಂದಳು. "ಇಲ್ಲದಿದ್ರೆ ಹೆದರಿದ್ದಿ ಅಂತ ಅಜ್ಜಿ ದಿನಾ ಬೈತಾರೆ." ಅಜ್ಜಿ ಬ್ಯಾರಿಯಲ್ಲಿ ಏನೋ ಗದರಿದರು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಚೂರು ನಗು ನೋಡಿದೆ.

ಕಾರ್ಕಳಕ್ಕೆ ಹೊರಡುವ ಮುನ್ನಾ ದಿನ ಮೇಡಂ ಭಾಷಣವನ್ನು ಈ ಸಲ ಬಿಚ್ಚಿ ಓದಿದರು. ಓದಿ, ಕೊನೆಯನ್ನು ತಾವೇ ಬದಲಾಯಿಸಿದರು. 'ನನ್ನ ಮಾತಿಗೆ ಓಗೊಟ್ಟು ನಮ್ಮ ಶಾಲೆ ಬದಲಾಯಿತು. ಇಂದು ನಾವೆಲ್ಲರೂ ಒಂದೇ ಸೂರಿನಡಿ ಒಟ್ಟಿಗೆ ಕುಳಿತು ಊಟ ಮಾಡುತ್ತೇವೆ.' ಇದನ್ನೇ ಹೇಳಬೇಕು ಎಂದು ಹುಡುಗಿಗೆ ಕೊಟ್ಟರು.

"ಇದು ಸುಳ್ಳು ಮೇಡಂ," ಎಂದೆ.

"ಸುಳ್ಳು ಹೇಗೆ ಟೀಚರ್? ಹಾಲ್ ಒಂದೇ ಅಲ್ವಾ? ಅದರೊಳಗೆ ಊಟ ಮಾಡುವವರೆಲ್ಲ ಒಟ್ಟಿಗೇ ಮಾಡುವುದಲ್ವಾ?"

"ಮೋರಿಕಟ್ಟೆ?"

"ಮೋರಿ ಶಾಲೆಯ ಜಾಗ ಅಲ್ಲ."

ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಒಂದನೇ ಕ್ಲಾಸಿನಿಂದ ಕಲಿಸುವವರು ನಾವು, ಒಂಬತ್ತನೇ ಕ್ಲಾಸಿಗೆ ಬಂದಾಗ ಅದನ್ನು ಬಾಯಿಪಾಠ ಮಾಡಿಸಿ ಮೈಕಿನ ಮುಂದೆ ನಿಲ್ಲಿಸುತ್ತೇವೆ. ಹುಡುಗಿಯನ್ನು ಕರೆದು, "ನಿನಗೆ ಬೇಡದಿದ್ದರೆ ನೀನು ಹೋಗುವುದು ಬೇಡ. ಮೇಡಂಗೆ ನಾನು ಹೇಳುತ್ತೇನೆ," ಎಂದೆ. ಅವಳು ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, "ಇರಲಿ ಟೀಚರ್," ಎಂದಳು. ಏನು ಮಾಡುತ್ತಾಳೆ ಎಂದು ನನಗೂ ಗೊತ್ತಿರಲಿಲ್ಲ.

ಚಪ್ಪಾಳೆ ತಟ್ಟಲು ಎಂದು ಮೇಡಂ ಅವಳ ಕ್ಲಾಸಿನ ಮಕ್ಕಳನ್ನೂ ವ್ಯಾನಿನಲ್ಲಿ ತುಂಬಿಸಿದ್ದರು. ಮೋರಿಕಟ್ಟೆಯವರೂ ಇದ್ದರು, ಪೆರ್ಡೂರಿನವಳೂ ಇದ್ದಳು. ದಾರಿಯುದ್ದಕ್ಕೂ ಹುಡುಗಿ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಹಿಂದಿನಿಂದ ಯಾರೂ ಅವಳನ್ನು ಮಾತಾಡಿಸಲಿಲ್ಲ.

ವೇದಿಕೆಯ ಮೇಲೆ ಅವಳು ಚೆನ್ನಾಗಿ ಮಾತಾಡಿದಳು, ಮಣಿಪಾಲಕ್ಕಿಂತ ಚೆನ್ನಾಗಿ. ಜಗಲಿಯ ಮಾತು ಮುಗಿಯಿತು, ಮೇಡಂ ಬರೆದ ಕೊನೆ ಬರಬೇಕಿತ್ತು. ಅವಳು ನಿಲ್ಲಿಸಿದಳು. ಮರೆತುಹೋಯಿತು ಎಂದು ಎಲ್ಲರೂ ಅಂದುಕೊಂಡರು, ಮುಂದಿನ ಸಾಲಿನಿಂದ ಮೇಡಂ ಮೆಲ್ಲನೆ ಸಾಲು ಎತ್ತಿಕೊಟ್ಟರು, "ನನ್ನ ಮಾತಿಗೆ ಓಗೊಟ್ಟು..."

"ಇನ್ನು ಸ್ವಲ್ಪ ಉಂಟು," ಎಂದಳು ಹುಡುಗಿ ಮೈಕಿನಲ್ಲಿ. "ನಾವೆಲ್ಲ ಒಟ್ಟಿಗೆ ಊಟ ಮಾಡ್ತೇವೆ ಎಂದು ನಾನು ಹೇಳಬೇಕು. ಆದರೆ ಮಣಿಪಾಲದಲ್ಲಿ ಈ ಭಾಷಣ ಮಾಡಿದ ಮೇಲೆ ನಾನು ಶಾಲೆಯಲ್ಲಿ ಊಟವೇ ಮಾಡಲಿಲ್ಲ. ಹಾಗಾಗಿ ಅದನ್ನು ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ನಮಸ್ಕಾರ."

ಇಳಿದು ಬಂದು ನನ್ನ ಪಕ್ಕ ಕೂತಳು. ಭಾಷಣ ಅಪೂರ್ಣ ಎಂದು ತೀರ್ಪುಗಾರರು ಬಹುಮಾನ ಕೊಡಲಿಲ್ಲ. ಸಮಾನತೆಯ ಮೇಲೆ ಆ ದಿನ ಅಲ್ಲಿ ಪೂರ್ಣವಾಗಿದ್ದ ಮಾತು ಅದೊಂದೇ, ಇರಲಿ.

ಹಿಂದಿರುಗುವಾಗ ವ್ಯಾನಿನಲ್ಲಿ ಮೇಡಂ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಹಿಂದಿನ ಸೀಟುಗಳಲ್ಲಿ ಪಿಸುಪಿಸು. ಸ್ವಲ್ಪ ಹೊತ್ತಿನ ಮೇಲೆ, ಉಪ್ಪಿನಕಾಯಿಯ ಮಾತು ಆಡಿದ್ದಳಲ್ಲ, ಅದೇ ಹುಡುಗಿ ಎದ್ದು ಬಂದು ಸೀಟಿನ ಕಂಬಿ ಹಿಡಿದು ನಿಂತಳು.

"ನೀನು ಒಳಗೆ ಫ್ಯಾನಿನ ಕೆಳಗೆ ಕೂತು ತಿನ್ತಿದ್ದಿ ಅಂತ ನಾವು ಎಣಿಸಿದ್ದು ಮಾರಾಯ್ತಿ," ಎಂದಳು. "ಉಪವಾಸ ಇದ್ದಿಯಾ? ಬಾಯಿ ಬಿಟ್ಟು ಹೇಳ್ಲಿಕ್ಕೆ ನಿನಗೆ ಎಂತ ಧಾಡಿ?"

ಹುಡುಗಿ ಆಗ ಅತ್ತಳು. ಮಣಿಪಾಲದಲ್ಲಿ, ಅಸೆಂಬ್ಲಿಯಲ್ಲಿ, ಮನೆಯಲ್ಲಿ ಎಲ್ಲಿಯೂ ಅಳದವಳು ವ್ಯಾನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಮೋರಿಕಟ್ಟೆಯಲ್ಲಿ ಅವಳಿಗೆ ನಡುವಿನ ಜಾಗ ಕೊಟ್ಟಿದ್ದರು. ಅಜ್ಜಿ ದೊಡ್ಡ ಬುತ್ತಿಯ ತುಂಬ ಬಂಗುಡೆ ಹುರಿದು ಕಳಿಸಿದ್ದರು, ಮಗುವಿನ ಹಸಿವನ್ನೆಲ್ಲ ಒಂದೇ ದಿನದಲ್ಲಿ ತೀರಿಸುವವರ ಹಾಗೆ. ನಾನೂ ನನ್ನ ಬುತ್ತಿ ತೆಗೆದುಕೊಂಡು ಹೋಗಿ ಕಟ್ಟೆಯ ತುದಿಯಲ್ಲಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಪೆರ್ಡೂರಿನವಳು ಮೊಸರನ್ನದ ಬುತ್ತಿ ಹಿಡಿದು ಗೇಟು ದಾಟಿ ಬಂದಳು. "ಹಾಲ್‌ನಲ್ಲಿ ಒಬ್ಬಳೇ ಕೂತು ಕೂತು ಬೋರ್ ಆಯ್ತು," ಎಂದು ಗೆಳತಿಯನ್ನು ತಳ್ಳಿ ಪಕ್ಕ ಕೂತಳು.

ಆ ಹೊತ್ತಿಗೆ ಮೇಡಂ ಗೇಟಿನಿಂದ ಹೊರಗೆ ಬಂದರು, ಅವಸರದಲ್ಲಿ. ಮರುದಿನ ಮಣಿಪಾಲದಿಂದ ವಿದೇಶಿ ವಿದ್ಯಾರ್ಥಿಗಳ ತಂಡ ಶಾಲೆ ನೋಡಲು ಬರುವುದಿತ್ತು. ವಿಶ್ವದ ಪ್ರಜೆಗಳನ್ನು ನೋಡಲು ವಿಶ್ವವೇ ಬರುವಾಗ ಅವರು ರಸ್ತೆಯ ಬದಿ ಮೋರಿಯ ಮೇಲೆ ಕೂತಿದ್ದರೆ ಹೇಗೆ?

"ಮಕ್ಕಳೇ, ಇಲ್ಲಿ ಅಪಾಯ. ಬಸ್ಸು ಗಿಸ್ಸು ಬರ್ತದೆ, ಒಳಗೆ ಬನ್ನಿ," ಎಂದರು. ಯಾರೂ ಏಳಲಿಲ್ಲ. ಮೇಡಂ ಸ್ವರ ಇಳಿಸಿದರು. "ಆಯ್ತು, ಮೀನು ತನ್ನಿ. ನಿಯಮದ ವಿಷಯ ನಾನು ಸಂಚಾಲಕರ ಹತ್ತಿರ ಮಾತಾಡ್ತೇನೆ. ನಾಳೆಯಿಂದ ಮೊದಲಿನ ಹಾಗೆ ಹಿಂದಿನ ಜಗಲಿಯಲ್ಲಿ ಕೂತ್ಕೊಳ್ಳಿ. ಸಾಕಲ್ವಾ?"

ಮಕ್ಕಳು ಹೂಡೆಯ ಹುಡುಗಿಯ ಮುಖ ನೋಡಿದರು. ಹೋಗಬಹುದಿತ್ತು. ಮೀನು ವಾಪಸ್ ಬಂದಿತ್ತು, ಸ್ನೇಹಿತರೂ ವಾಪಸ್ ಬಂದಿದ್ದರು. ಅವಳು ಬಾಯಲ್ಲಿದ್ದುದನ್ನು ನುಂಗಿ ಎದ್ದು ನಿಂತಳು.

"ಜಗಲಿ ಬೇಡ ಮೇಡಂ. ಹಾಲ್‌ಗೆ ಆದರೆ ಬರ್ತೇವೆ."

"ಹಾಲ್‌ನಲ್ಲಿ ಹೇಗೆ? ಬೇರೆಯವರಿಗೆ ತೊಂದರೆ ಆಗ್ತದಲ್ಲ."

ಆಗ ಪೆರ್ಡೂರಿನವಳು ಎದ್ದಳು. ಬೆರಳಿಗೆಲ್ಲ ಮೊಸರನ್ನ ಮೆತ್ತಿತ್ತು. "ಬೇರೆಯವರು ಅಂದ್ರೆ ನಾನಲ್ವಾ ಮೇಡಂ?" ಎಂದಳು. "ನನ್ನನ್ನು ಯಾರೂ ಕೇಳಲೇ ಇಲ್ಲ."

ಮೇಡಂ ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎಂಬಂತೆ. ನಾನು ಬಂಗುಡೆಯ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡೆ. ನನ್ನ ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡು ಇಷ್ಟು ಸಂತೋಷಪಟ್ಟದ್ದು ಆ ಒಂದೇ ಸಲ.

ಮರುದಿನ ಎಲ್ಲರೂ ಹಾಲ್‌ನಲ್ಲಿ ಊಟ ಮಾಡಿದರು. ಹೊಸ ಸೂಚನೆ ಯಾವುದೂ ಬರಲಿಲ್ಲ, ಹಳೆಯ ನಿಯಮವನ್ನು ತೆಗೆದೆವು ಎಂದೂ ಯಾರೂ ಹೇಳಲಿಲ್ಲ. ಯಾರೂ ಮೂರ್ಛೆ ಹೋಗಲಿಲ್ಲ. ಒಬ್ಬ ಹುಡುಗ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋಗಿ ಕೂತ, ಅದು ಅವನ ಹಕ್ಕು. ವಿದೇಶದ ಮಕ್ಕಳು ಬಂದು ಬುತ್ತಿಗಳನ್ನು ಇಣುಕಿ ನೋಡಿ ಇದೇನು ಅದೇನು ಎಂದು ಕೇಳಿದರು. ಸಂಚಾಲಕರು ಮುಂದೆ ನಿಂತು, ನಮ್ಮಲ್ಲಿ ಮೊದಲಿನಿಂದಲೂ ಎಲ್ಲರೂ ಒಟ್ಟಿಗೇ ಎಂದು ಅವರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಮೊದಲಿನಿಂದಲೂ! ನಾಲಿಗೆಗೆ ಎಲುಬಿಲ್ಲ ಎನ್ನುವುದು ಸುಮ್ಮನೆ ಅಲ್ಲ.

ಶಾಲೆಯ ಪುಸ್ತಿಕೆಗೆ ಫೋಟೋ ತೆಗೆಯಲು ಒಬ್ಬರನ್ನು ಕರೆಸಿದ್ದರು. ಅವರು ಕ್ಯಾಮೆರಾ ಎತ್ತಿದಾಗ ಮೇಡಂ ಮುಂದೆ ಬಂದು ಮೆತ್ತಗೆ ಹೇಳಿದರು, "ಮೀನಿನ ಬುತ್ತಿಯವರು ಒಮ್ಮೆ ಮುಚ್ಚಳ ಮುಚ್ಚಿ ಮಕ್ಕಳೇ. ಫೋಟೋಗೆ ಮಾತ್ರ."

ಅಲ್ಲಲ್ಲಿ ಮುಚ್ಚಳ ಬೀಳುವ ಸದ್ದು ಕೇಳಿತು. ಅಭ್ಯಾಸ, ಪಾಪ. ಎರಚಲಿಗೆ ಅಡ್ಡ ಹಿಡಿದ ಅದೇ ಮುಚ್ಚಳಗಳು. ಹೂಡೆಯ ಹುಡುಗಿಯ ಬುತ್ತಿ ತೆರೆದೇ ಇತ್ತು. ಮೇಡಂ ಅವಳ ಹತ್ತಿರ ಹೋಗಿ ಬಗ್ಗಿ, "ನಿನ್ನದು?" ಎಂದರು.

ಅವಳು ತಲೆ ಎತ್ತಲಿಲ್ಲ, ಬಂಗುಡೆಯ ಮುಳ್ಳು ಬಿಡಿಸುತ್ತಿದ್ದಳು.

"ನನ್ನ ಊಟ ಇನ್ನೂ ಮುಗಿಯಲಿಲ್ಲ ಮೇಡಂ," ಎಂದಳು.